ಸಿ.ಡಿ.ಯಿಂದ ಕಂಪ್ಯೂಟರಿಗೆ: ಮನೆಯ ಸಂಗೀತ ಸಂಗ್ರಹವನ್ನು ಉಳಿಸಿಕೊಳ್ಳುವ ಬಗೆ

ರಾಯಚೂರು: ಹಳೆಯ ಮನೆಗಳ ಗಾಜಿನ ಕಪಾಟುಗಳಲ್ಲಿ ಸಾಲಾಗಿ ಜೋಡಿಸಿಟ್ಟ ಸಂಗೀತದ ಸಿ.ಡಿ.ಗಳನ್ನು ಇಂದು ಹೊರತೆಗೆದು ಕೇಳುವವರು ವಿರಳ. ಕೇಳುವ ಮನಸ್ಸಿಲ್ಲವೆಂದಲ್ಲ, ಕೇಳಿಸುವ ಯಂತ್ರಗಳೇ ಮನೆಯಿಂದ ಮರೆಯಾಗಿವೆ. ಹೊಸ ಲ್ಯಾಪ್‌ಟಾಪ್‌ಗಳ ಪೈಕಿ ಬಹುತೇಕವುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಕಾರುಗಳಲ್ಲಿ ಅದರ ಸ್ಥಾನವನ್ನು ಪೆನ್‌ಡ್ರೈವ್ ಮತ್ತು ಮೊಬೈಲ್ ಫೋನುಗಳು ತೆಗೆದುಕೊಂಡಿವೆ. ಕೆಟ್ಟುಹೋದ ಪ್ಲೇಯರ್ ರಿಪೇರಿ ಮಾಡಿಕೊಡುವ ಅಂಗಡಿಯನ್ನು ಹುಡುಕಬೇಕಾಗಿದೆ.

ಚಲನಚಿತ್ರ ಗೀತೆಗಳ ಮಟ್ಟಿಗೆ ಇದು ದೊಡ್ಡ ನಷ್ಟವಲ್ಲ. ಅವು ಅಂತರ್ಜಾಲದಲ್ಲಿ ಬೇಕಾದಷ್ಟು ದೊರೆಯುತ್ತವೆ. ಆದರೆ ರಾಯಚೂರು ಸೀಮೆಯ ಮನೆಗಳಲ್ಲಿರುವ ಸಂಗ್ರಹದ ಕಥೆ ಬೇರೆ. ವಿಜಯದಾಸರು ಹುಟ್ಟಿದ ಚೀಕಲಪರ್ವಿಯೂ, ಜಗನ್ನಾಥದಾಸರು ಹುಟ್ಟಿದ ಬ್ಯಾಗವಾಟವೂ ಮಾನ್ವಿ ಸೀಮೆಯ ಊರುಗಳು. ಗೋಪಾಲದಾಸರ ಜನ್ಮಸ್ಥಳವಾದ ಮೊಸರಕಲ್ಲು ದೇವದುರ್ಗದ ಕಡೆಯದು. 'ಹರಿಕಥಾಮೃತಸಾರ'ದ ಕರ್ತೃ ಜಗನ್ನಾಥದಾಸರು ನೆಲೆಸಿದ್ದು ಮಾನ್ವಿಯಲ್ಲಿ. ವಚನ ಗಾಯನವನ್ನು ಮನೆಮನೆಗೆ ತಲುಪಿಸಿದ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರು ಇದೇ ಜಿಲ್ಲೆಯವರು. ರಾಯಚೂರಿನ ರಂಗಮಂದಿರವು ಇಂದಿಗೂ ಅವರ ಹೆಸರನ್ನೇ ಹೊತ್ತಿದೆ.

ಇಂತಹ ನೆಲದ ಮನೆಗಳಲ್ಲಿ ಪ್ರಸಿದ್ಧ ಕಂಪನಿಗಳ ಸಿ.ಡಿ.ಗಳ ಜೊತೆಗೆ, ಆರಾಧನೆಯ ಸಂದರ್ಭದಲ್ಲಿ ಮುದ್ರಿಸಿಕೊಂಡ ಭಜನಾ ಮಂಡಳಿಯ ಹಾಡುಗಳು, ಊರಿನ ತತ್ವಪದಕಾರರ ಗಾಯನ, ಅಜ್ಜಿ ಹಾಡಿದ ಹಸೆಯ ಹಾಡು ಇವೆಲ್ಲವೂ ಸ್ಟುಡಿಯೋದವರು ಬರೆದುಕೊಟ್ಟ ಒಂದೊಂದೇ ತಟ್ಟೆಯಲ್ಲಿ ಉಳಿದಿರುವುದುಂಟು. ಆ ತಟ್ಟೆ ಹೋದರೆ ಹಾಡು ಹೋದಂತೆ. ಅದನ್ನು ಮತ್ತೆ ಖರೀದಿಸಲು ಯಾವ ಅಂಗಡಿಯೂ ಇಲ್ಲ.

ಆದ್ದರಿಂದ ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಯಾವ ತಂತ್ರಾಂಶವನ್ನು ಬಳಸಬೇಕು, ಯಾವ ಸ್ವರೂಪದಲ್ಲಿ ಅಂದರೆ 'ಫಾರ್ಮ್ಯಾಟ್'ನಲ್ಲಿ ಉಳಿಸಬೇಕು ಎಂಬುದು ಕೇವಲ ಹವ್ಯಾಸಿಗಳ ಚರ್ಚೆಯಲ್ಲ. ತಪ್ಪು ಆಯ್ಕೆಯಿಂದ ಆಗುವ ನಷ್ಟವನ್ನು ಮುಂದೆ ಸರಿಪಡಿಸಲಾಗದು. ಸರಿಯಾದ ಆಯ್ಕೆ ಮಾಡಿದರೆ ಈ ಕೆಲಸವನ್ನು ಒಮ್ಮೆ ಮಾಡಿದರೆ ಸಾಕು.

ಮೊದಲು ವಿಂಗಡಿಸಿ

ಕಪಾಟಿನಲ್ಲಿರುವ ತಟ್ಟೆಗಳೆಲ್ಲವೂ ನೋಡಲು ಒಂದೇ ಬಗೆಯವು. ಆದರೆ ಅವುಗಳಲ್ಲಿ ಮೂರು ಜಾತಿಗಳಿವೆ. ಮೂರಕ್ಕೂ ಬೇರೆ ಬೇರೆ ಉಪಚಾರ ಬೇಕು.

ಮೊದಲನೆಯದು ಕಂಪನಿಗಳು ಕಾರ್ಖಾನೆಯಲ್ಲಿ ಅಚ್ಚೊತ್ತಿದ ಆಡಿಯೋ ಸಿ.ಡಿ. ಇದರ ಕೆಳಮೈ ಬೆಳ್ಳಿಯಂತೆ ಹೊಳೆಯುತ್ತದೆ. ಗೀರು ಬೀಳದಿದ್ದರೆ ಇದು ದೀರ್ಘಕಾಲ ಬಾಳುತ್ತದೆ.

ಎರಡನೆಯದು ಸ್ಟುಡಿಯೋದಲ್ಲಿಯೋ, ಮನೆಯ ಕಂಪ್ಯೂಟರಿನಲ್ಲಿಯೋ ಬರೆದ ಸಿ.ಡಿ.-ಆರ್. ಇದರ ಕೆಳಮೈಯಲ್ಲಿ ಹಸಿರು, ನೀಲಿ ಅಥವಾ ಬಂಗಾರದ ಛಾಯೆ ಕಾಣಿಸುತ್ತದೆ. ಇಲ್ಲಿ ಮಾಹಿತಿಯು ಒಂದು ಬಣ್ಣದ ಲೇಪದ ಮೇಲೆ ಲೇಸರ್ ಕಿರಣದಿಂದ ಬರೆಯಲ್ಪಟ್ಟಿರುತ್ತದೆ. ಬಿಸಿಲು, ಶಾಖ ಮತ್ತು ತೇವಾಂಶಗಳಿಗೆ ಈ ಲೇಪವು ನಿಧಾನವಾಗಿ ಮಾಸುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರಿನಂತಹ ಊರಿನಲ್ಲಿ, ಕಿಟಕಿಯ ಪಕ್ಕದ ಕಪಾಟಿನಲ್ಲಿಯೋ ಕಾರಿನ ಡ್ಯಾಶ್‌ಬೋರ್ಡಿನ ಮೇಲೆಯೋ ಇಟ್ಟ ಸಿ.ಡಿ.-ಆರ್. ಬಹುಕಾಲ ಬದುಕುವುದೆಂದು ನಂಬುವಂತಿಲ್ಲ. ಮನೆಯಲ್ಲಿರುವ ಅಪರೂಪದ ಹಾಡುಗಳು ಸಾಮಾನ್ಯವಾಗಿ ಇರುವುದು ಇದೇ ಜಾತಿಯ ತಟ್ಟೆಗಳಲ್ಲಿ. ಆದ್ದರಿಂದ ಕೆಲಸವನ್ನು ಇವುಗಳಿಂದಲೇ ಆರಂಭಿಸಬೇಕು.

ಮೂರನೆಯದು ಎಂ.ಪಿ.3 ಸಿ.ಡಿ. 2000ದ ದಶಕದಲ್ಲಿ ನೂರಾರು ಹಾಡುಗಳ ಇಂತಹ ತಟ್ಟೆಗಳು ಬಸ್ ನಿಲ್ದಾಣದ ಅಂಗಡಿಗಳಲ್ಲಿಯೂ ಮಾರಾಟವಾಗುತ್ತಿದ್ದವು. 700 ಮೆಗಾಬೈಟ್‌ಗಳ ತಟ್ಟೆಯೊಂದರಲ್ಲಿ ಆಡಿಯೋ ರೂಪದ ಸಂಗೀತ ಹಿಡಿಸುವುದು 80 ನಿಮಿಷ ಮಾತ್ರ. ಸೆಕೆಂಡಿಗೆ 128 ಕಿಲೋಬಿಟ್‌ಗಳ ಎಂ.ಪಿ.3 ರೂಪದಲ್ಲಾದರೆ ಸುಮಾರು 12 ಗಂಟೆ. ಇದು ಹಾಡಿನ ತಟ್ಟೆಯಲ್ಲ, ಕಡತಗಳ ತಟ್ಟೆ. ಇದಕ್ಕೆ ವಿಶೇಷ ತಂತ್ರಾಂಶ ಬೇಡ. ಪೆನ್‌ಡ್ರೈವಿನಿಂದ ನಕಲು ಮಾಡುವಂತೆ ಕಡತಗಳನ್ನು ಹಾಗೆಯೇ ನಕಲು ಮಾಡಿಕೊಂಡರಾಯಿತು. ಅವನ್ನು ಬೇರೊಂದು ಸ್ವರೂಪಕ್ಕೆ ಪರಿವರ್ತಿಸುವ ಗೋಜಿಗೆ ಹೋಗಬಾರದು. ಅದರಿಂದ ಗುಣಮಟ್ಟ ಕಡಿಮೆಯಾಗಬಹುದೇ ಹೊರತು ಎಂದಿಗೂ ಹೆಚ್ಚುವುದಿಲ್ಲ.

ತಟ್ಟೆಯನ್ನು ಒರೆಸುವ ವಿಷಯದಲ್ಲಿಯೂ ಎಚ್ಚರ ಅವಶ್ಯ. ಗ್ರಾಮಾಫೋನ್ ತಟ್ಟೆಯಂತೆ ವೃತ್ತಾಕಾರವಾಗಿ ಒರೆಸಬಾರದು. ಮೆತ್ತನೆಯ ಬಟ್ಟೆಯಿಂದ ನಡುವಿನ ರಂಧ್ರದ ಬಳಿಯಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಹಾಗೆ ಮಾಡುವಾಗ ಗೀರು ಬಿದ್ದರೂ ಅದು ಹಾಡಿನ ಸುರುಳಿಯನ್ನು ಅಡ್ಡವಾಗಿ ಕತ್ತರಿಸುತ್ತದೆ. ಅಂತಹ ಚಿಕ್ಕ ಗಾಯವನ್ನು ಯಂತ್ರ ಸರಿಪಡಿಸಿಕೊಳ್ಳಬಲ್ಲದು. ಸುರುಳಿಯ ಗುಂಟ ಬಿದ್ದ ಗೀರನ್ನು ಸರಿಪಡಿಸಿಕೊಳ್ಳುವುದು ಕಷ್ಟ. ಹಲವರು ಹೊಳೆಯುವ ಮೈಯನ್ನು ಜೋಪಾನ ಮಾಡಿ, ಹೆಸರು ಬರೆದ ಮೇಲ್ಮೈಯನ್ನು ಮೇಜಿನ ಮೇಲೆ ಉಜ್ಜುತ್ತಾರೆ. ಇದು ಹೆಚ್ಚಿನ ಅಪಾಯ. ಮಾಹಿತಿಯ ಪದರವಿರುವುದು ಮೇಲ್ಮೈಗೆ ಅತಿ ಸಮೀಪದಲ್ಲಿ. ಅಲ್ಲಿ ಆಳವಾದ ಗೀರು ಬಿದ್ದರೆ ಪದರವೇ ಕಿತ್ತುಬರುತ್ತದೆ.

ತಟ್ಟೆಯೊಳಗೆ ಇರುವುದೇನು?

ತಂತ್ರಾಂಶದ ಆಯ್ಕೆಯನ್ನು ತಿಳಿಯಬೇಕಾದರೆ ಸಿ.ಡಿ.ಯೊಳಗೆ ಸಂಗೀತವು ಹೇಗೆ ಅಡಗಿದೆ ಎಂಬುದನ್ನು ಸ್ವಲ್ಪ ತಿಳಿಯಬೇಕು. 1982ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಆಡಿಯೋ ಸಿ.ಡಿ.ಯು ಶಬ್ದವನ್ನು ಸೆಕೆಂಡಿಗೆ 44,100 ಬಾರಿ ಅಳೆಯುತ್ತದೆ. ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ಬರೆದಿಡುತ್ತದೆ. ಎಡ, ಬಲ ಎರಡೂ ಧ್ವನಿವರ್ಧಕಗಳ ಲೆಕ್ಕ ಸೇರಿದರೆ ಸೆಕೆಂಡಿಗೆ 1,411 ಕಿಲೋಬಿಟ್‌ಗಳಾಗುತ್ತವೆ. ಅಂದರೆ ಒಂದು ನಿಮಿಷದ ಹಾಡಿಗೆ ಸುಮಾರು 10 ಮೆಗಾಬೈಟ್.

ಈ ಸಂಖ್ಯೆಗಳನ್ನು ಸೆಕೆಂಡಿಗೆ 75 ತುಣುಕುಗಳಂತೆ ಜೋಡಿಸಲಾಗಿರುತ್ತದೆ. ಆಡಿಯೋ ಸಿ.ಡಿ.ಯಲ್ಲಿ ತುಣುಕೊಂದರ 2,352 ಬೈಟ್‌ಗಳೂ ಸಂಗೀತಕ್ಕೇ ಮೀಸಲು. ಕಡತಗಳನ್ನು ಇಡುವ ಸಿ.ಡಿ.ಯಲ್ಲಿ ಹಾಗಲ್ಲ. ಅಲ್ಲಿ 2,048 ಬೈಟ್‌ಗಳಷ್ಟೇ ಮಾಹಿತಿಗೆ. ಉಳಿದ 304 ಬೈಟ್‌ಗಳು ತುಣುಕಿನ ವಿಳಾಸಕ್ಕೆ ಮತ್ತು ತಪ್ಪು ತಿದ್ದುವ ಹೆಚ್ಚುವರಿ ಏರ್ಪಾಡಿಗೆ ಮೀಸಲು. ಬ್ಯಾಂಕಿನ ಲೆಕ್ಕದ ಕಡತದಲ್ಲಿ ಒಂದಂಕಿ ತಪ್ಪಿದರೂ ಅನರ್ಥ. ಹಾಡಿನಲ್ಲಿ ಒಂದೆರಡು ಅಂಕಿಗಳು ತಪ್ಪಿದರೆ ಕಿವಿಗೆ ತಿಳಿಯದು ಎಂಬುದು ಸಿ.ಡಿ. ರೂಪಿಸಿದವರ ವಿಚಾರವಾಗಿತ್ತು.

ಸಂಗೀತದ ತಟ್ಟೆಯಲ್ಲಿ ಓದಲಾಗದ ಜಾಗ ಬಂದಾಗ ಪ್ಲೇಯರ್ ನಿಲ್ಲುವುದಿಲ್ಲ. ಹಿಂದಿನ ಮತ್ತು ಮುಂದಿನ ಅಳತೆಗಳನ್ನು ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ. ಕೇಳುವ ಹೊತ್ತಿಗೆ ಇದು ಉಪಕಾರವೇ ಸರಿ. ಆದರೆ ಶಾಶ್ವತ ಪ್ರತಿ ಮಾಡಿಕೊಳ್ಳುವಾಗ ಇದೇ ಅಪಕಾರವಾಗುತ್ತದೆ. ಯಂತ್ರವು ಊಹಿಸಿದ್ದು ಎಷ್ಟು, ನಿಜವಾಗಿ ಓದಿದ್ದು ಎಷ್ಟು ಎಂಬುದು ನಮಗೆ ತಿಳಿಯುವುದೇ ಇಲ್ಲ. ಪ್ರತಿ ಸಿದ್ಧವಾಯಿತೆಂದು ತಟ್ಟೆಯನ್ನು ಎಸೆದ ಮೇಲೆ, ಹಾಡಿನ ನಡುವೆ ಟಿಕ್ ಟಿಕ್ ಸದ್ದು ಕೇಳಿಬಂದರೆ ಮಾಡುವುದೇನೂ ಇಲ್ಲ.

ತಂತ್ರಾಂಶಗಳ ಪೈಕಿ ಯಾವುದು?

ವಿಂಡೋಸ್‌ನೊಂದಿಗೆ ಬರುವ ಮೀಡಿಯಾ ಪ್ಲೇಯರ್, ಆಪಲ್ ಕಂಪನಿಯ ಐಟ್ಯೂನ್ಸ್ ಇವೆರಡರಿಂದಲೂ ಸಿ.ಡಿ.ಗಳನ್ನು ಇಳಿಸಿಕೊಳ್ಳಬಹುದು. ಇವು ಸರಳ ಮತ್ತು ವೇಗದ ಸಾಧನಗಳು. ಹೊಸದಾಗಿರುವ, ಗೀರಿಲ್ಲದ, ಅಂಗಡಿಯಲ್ಲಿ ಇನ್ನೂ ಸಿಗುವ ತಟ್ಟೆಗೆ ಇವು ಸಾಕು. ಆದರೆ ಇಳಿಸಿದ ಪ್ರತಿ ನಿರ್ದುಷ್ಟವೇ ಎಂಬುದರ ವಿವರವಾದ ವರದಿಯನ್ನು ಇವು ನೀಡುವುದಿಲ್ಲ. ವಿಂಡೋಸ್ ಮೀಡಿಯಾ ಪ್ಲೇಯರಿನ ಹಳೆಯ ಆವೃತ್ತಿಗಳಲ್ಲಿ ನಕಲು ನಿರ್ಬಂಧದ ಗುರುತೊಂದಿತ್ತು. ಅದನ್ನು ತೆಗೆಯದೆ ಇಳಿಸಿದ ಡಬ್ಲ್ಯು.ಎಂ.ಎ. ಕಡತಗಳು ಬೇರೆ ಕಂಪ್ಯೂಟರಿನಲ್ಲಿ ಹಾಡುವುದಿಲ್ಲ. ಅಂದು ಹಾಗೆ ಇಳಿಸಿಟ್ಟವರು ಸಿ.ಡಿ. ಇನ್ನೂ ಕೈಯಲ್ಲಿದ್ದರೆ ಮತ್ತೊಮ್ಮೆ ಇಳಿಸಿಕೊಳ್ಳುವುದು ಲೇಸು.

ಅಮೂಲ್ಯ ತಟ್ಟೆಗಳಿಗೆ 'ಎಕ್ಸಾಕ್ಟ್ ಆಡಿಯೋ ಕಾಪಿ' ಎಂಬ ತಂತ್ರಾಂಶವು ಬಹುಕಾಲದಿಂದ ಹೆಸರುವಾಸಿಯಾಗಿದೆ. 'ಇ.ಎ.ಸಿ.' ಎಂದೇ ಕರೆಯಲ್ಪಡುವ ಇದನ್ನು ಸಿದ್ಧಪಡಿಸಿದವರು ಜರ್ಮನಿಯ ಆಂಡ್ರೆ ವೀತಾಫ್. ವಿಂಡೋಸ್‌ನಲ್ಲಿ ಕೆಲಸ ಮಾಡುವ ಈ ತಂತ್ರಾಂಶವು ಸ್ವಂತ ಬಳಕೆಗೆ ಉಚಿತ. ಇದರ 'ಸೆಕ್ಯೂರ್' ವಿಧಾನದಲ್ಲಿ ಪ್ರತಿಯೊಂದು ತುಣುಕನ್ನೂ ಒಂದಕ್ಕಿಂತ ಹೆಚ್ಚು ಬಾರಿ ಓದಿ ಹೋಲಿಸಲಾಗುತ್ತದೆ. ಎರಡೂ ಓದು ಒಂದೇ ಆಗಿದ್ದರೆ ಮುಂದಿನ ತುಣುಕು. ಇಲ್ಲವಾದರೆ ಮತ್ತೆ ಮತ್ತೆ ಓದು. ಕೊನೆಗೂ ಸರಿಹೋಗದಿದ್ದರೆ ಯಾವ ಹಾಡಿನ ಎಷ್ಟನೇ ನಿಮಿಷದಲ್ಲಿ ಸಂಶಯವಿದೆ ಎಂಬುದನ್ನು ವರದಿಯಲ್ಲಿ ಬರೆದಿಡುತ್ತದೆ. ಈ ವರದಿಯನ್ನು ಹಾಡಿನ ಜೊತೆಗೇ ಉಳಿಸಿಕೊಳ್ಳಬೇಕು.

ಲಿನಕ್ಸ್ ಬಳಕೆದಾರರಿಗೆ 'ವಿಪ್ಪರ್', ಮ್ಯಾಕ್ ಬಳಕೆದಾರರಿಗೆ 'ಎಕ್ಸ್.ಎಲ್.ಡಿ.' ಎಂಬ ತಂತ್ರಾಂಶಗಳಿವೆ. ಇ.ಎ.ಸಿ.ಯ ಹತ್ತಾರು ಆಯ್ಕೆಗಳನ್ನು ಕಂಡು ಗಾಬರಿಯಾಗುವವರಿಗೆ 'ಫ್ರೀ:ಎಸಿ' ಅನುಕೂಲ. ಅದು ಮೂರೂ ವ್ಯವಸ್ಥೆಗಳಲ್ಲಿ ಉಚಿತವಾಗಿ ಲಭ್ಯ. ಹಣ ಕೊಟ್ಟು ಕೊಳ್ಳುವುದಾದರೆ 'ಡಿಬಿ ಪವರ್‌ಆಂಪ್' ಇದೆ. ಸುಲಭತೆ ಮತ್ತು ನಿಖರತೆ ಎರಡೂ ಅದರಲ್ಲಿವೆ.

ಇವುಗಳಲ್ಲಿ ಹಲವು 'ಆಕ್ಯುರೇಟ್‌ರಿಪ್' ಎಂಬ ಅಂತರ್ಜಾಲದ ಸೌಲಭ್ಯವನ್ನು ಬಳಸುತ್ತವೆ. ತಾವು ಇಳಿಸಿದ ಹಾಡಿನಿಂದ ಲೆಕ್ಕಹಾಕಿದ ಒಂದು ತಾಳೆ ಸಂಖ್ಯೆಯನ್ನು, ಅದೇ ಸಿ.ಡಿ.ಯನ್ನು ಜಗತ್ತಿನ ಬೇರೆಡೆ ಇಳಿಸಿದವರ ಸಂಖ್ಯೆಯೊಂದಿಗೆ ಅದು ಹೋಲಿಸುತ್ತದೆ. ಎರಡೂ ತಾಳೆಯಾದರೆ ಪ್ರತಿ ನಿರ್ದುಷ್ಟ ಎಂದರ್ಥ.

ಆದರೆ ದೇವದುರ್ಗದ ಭಜನಾ ಮಂಡಳಿಯೊಂದು ಐವತ್ತು ಪ್ರತಿ ಬರೆಸಿ ಹಂಚಿದ ಸಿ.ಡಿ.ಯ ಸಂಖ್ಯೆ ಆ ಪಟ್ಟಿಯಲ್ಲಿ ಇರಲಾರದು. ಆಗ ತಟ್ಟೆಯನ್ನು ಅದರೊಂದಿಗೇ ಹೋಲಿಸಿ ನೋಡಬೇಕು. ಇ.ಎ.ಸಿ.ಯಲ್ಲಿ 'ಟೆಸ್ಟ್ ಅಂಡ್ ಕಾಪಿ' ಎಂಬ ಆಯ್ಕೆ ಇದೆ. ಅದು ಹಾಡನ್ನು ಎರಡು ಬಾರಿ ಸಂಪೂರ್ಣವಾಗಿ ಓದಿ ಎರಡರ ತಾಳೆ ಸಂಖ್ಯೆಯನ್ನೂ ತೋರಿಸುತ್ತದೆ. ಎರಡೂ ಒಂದೇ ಆಗಿದ್ದರೆ ನಿಶ್ಚಿಂತೆಯಿಂದ ಇರಬಹುದು. ಬೇರೆಯಾದರೆ ತಟ್ಟೆಯನ್ನು ಒರೆಸಿ ಮತ್ತೊಮ್ಮೆ ಯತ್ನಿಸಬೇಕು. ಆಗಲೂ ಆಗದಿದ್ದರೆ ಬೇರೊಂದು ಡ್ರೈವಿನಲ್ಲಿ ಹಾಕಿ ನೋಡಬೇಕು. ಒಂದು ಡ್ರೈವ್ ಓದಲಾಗದ ತಟ್ಟೆಯನ್ನು ಇನ್ನೊಂದು ಸಲೀಸಾಗಿ ಓದುವುದುಂಟು. ಹೊರಗಿನಿಂದ ಯು.ಎಸ್.ಬಿ. ಮೂಲಕ ಜೋಡಿಸುವ ಡಿ.ವಿ.ಡಿ. ಡ್ರೈವ್‌ಗಳು ಒಂದೆರಡು ಸಾವಿರ ರೂಪಾಯಿಗೆ ಇಂದಿಗೂ ದೊರೆಯುತ್ತವೆ. ಸಂಗೀತದ ಸಿ.ಡಿ. ಇಳಿಸಲು ಅವು ಸಾಕು.

ಹತ್ತಿಯ ಬೇಲ್ ಮತ್ತು ಜಿನ್ನಿಂಗ್

ಇನ್ನು ಸ್ವರೂಪದ ಪ್ರಶ್ನೆ. ಇಲ್ಲಿ ಡಬ್ಲ್ಯು.ಎ.ವಿ., ಫ್ಲ್ಯಾಕ್, ಎ.ಎಲ್.ಎ.ಸಿ., ಎಂ.ಪಿ.3, ಎ.ಎ.ಸಿ., ಆಗ್ ವೋರ್ಬಿಸ್, ಓಪಸ್ ಎಂದು ಹೆಸರುಗಳ ಸಂತೆಯೇ ಇದೆ. ಆದರೆ ವಾಸ್ತವದಲ್ಲಿ ಇರುವುದು ಎರಡೇ ಬಗೆ: ನಷ್ಟವಿಲ್ಲದವು ಮತ್ತು ನಷ್ಟವುಳ್ಳವು.

ರಾಯಚೂರಿನವರಿಗೆ ಇದನ್ನು ಹತ್ತಿಯ ಉದಾಹರಣೆಯಿಂದ ಹೇಳಬಹುದು. ಅರಳೆಯನ್ನು ಯಂತ್ರದಲ್ಲಿ ಒತ್ತಿ ಬೇಲ್ ಕಟ್ಟಿದರೆ ಅದು ಹಿಡಿಯುವ ಜಾಗ ಕಡಿಮೆಯಾಗುತ್ತದೆ. ಬಿಚ್ಚಿದರೆ ಹಾಕಿದಷ್ಟೇ ಅರಳೆ ಹೊರಬರುತ್ತದೆ. ಫ್ಲ್ಯಾಕ್ ಮತ್ತು ಎ.ಎಲ್.ಎ.ಸಿ. ಸ್ವರೂಪಗಳು ಇಂತಹವು. ಸಿ.ಡಿ.ಯ ಒಂದಂಕಿಯೂ ತಪ್ಪದಂತೆ ಒತ್ತಿ ಇಡುತ್ತವೆ, ಹಾಡುವಾಗ ಹಾಗೆಯೇ ಬಿಚ್ಚುತ್ತವೆ. ಎಂ.ಪಿ.3, ಎ.ಎ.ಸಿ. ಮೊದಲಾದವು ಜಿನ್ನಿಂಗ್ ಇದ್ದಂತೆ. ಕಿವಿಗೆ ಅಷ್ಟಾಗಿ ತಿಳಿಯದ ಭಾಗವನ್ನು ಬೀಜದಂತೆ ಬೇರ್ಪಡಿಸಿ ಹೊರಹಾಕುತ್ತವೆ. ಉಳಿದದ್ದು ಉಪಯುಕ್ತವೇ, ಆದರೆ ಹೊರಹೋದ ಬೀಜವನ್ನು ಅರಳೆಯೊಳಗೆ ಮತ್ತೆ ಸೇರಿಸಲಾಗದು. ಎಂ.ಪಿ.3 ಕಡತವನ್ನು ಫ್ಲ್ಯಾಕ್‌ಗೆ ಬದಲಿಸಿದರೆ ಕಡತ ದೊಡ್ಡದಾಗುತ್ತದೆ, ಹಾಡು ಸುಧಾರಿಸುವುದಿಲ್ಲ.

ಒಂದು ಗಂಟೆಯ ಸಿ.ಡಿ.ಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒತ್ತದೆ ಡಬ್ಲ್ಯು.ಎ.ವಿ. ರೂಪದಲ್ಲಿಟ್ಟರೆ ಅದು ಸುಮಾರು 635 ಮೆಗಾಬೈಟ್. ಫ್ಲ್ಯಾಕ್‌ನಲ್ಲಿ ಸಂಗೀತದ ಸ್ವಭಾವಕ್ಕೆ ತಕ್ಕಂತೆ ಅದರ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಹೆಚ್ಚುಕಡಿಮೆ 350 ಮೆಗಾಬೈಟ್. ಸೆಕೆಂಡಿಗೆ 320 ಕಿಲೋಬಿಟ್‌ಗಳ ಎಂ.ಪಿ.3ರಲ್ಲಿ 144 ಮೆಗಾಬೈಟ್. 192 ಕಿಲೋಬಿಟ್‌ಗಳಲ್ಲಿ 86 ಮೆಗಾಬೈಟ್. ಮನೆಯಲ್ಲಿ 200 ಸಿ.ಡಿ.ಗಳಿದ್ದರೆ ಫ್ಲ್ಯಾಕ್‌ಗೆ ಬೇಕಾಗುವುದು ಸುಮಾರು 70 ಗಿಗಾಬೈಟ್.

ಹಾರ್ಡ್ ಡಿಸ್ಕ್ ಎಂದರೆ 40 ಗಿಗಾಬೈಟ್ ಎಂಬಂತಿದ್ದ 2000ದ ದಶಕದ ಆರಂಭದಲ್ಲಿ ಇದು ಅಸಾಧ್ಯದ ಮಾತಾಗಿತ್ತು. ಆದ್ದರಿಂದಲೇ ಅಂದು ಎಲ್ಲರೂ 128 ಕಿಲೋಬಿಟ್‌ಗಳ ಎಂ.ಪಿ.3ಕ್ಕೆ ಶರಣಾದರು. ಇಂದು 1,000 ಗಿಗಾಬೈಟ್‌ಗಳ ಡಿಸ್ಕ್ ಸಾಮಾನ್ಯ. ಸಂಗ್ರಹವೆಲ್ಲ ಅದರ ಒಂದು ಮೂಲೆಯಲ್ಲಿ ಕೂರುತ್ತದೆ. ಜಾಗದ ಅಭಾವವೆಂಬ ಹಳೆಯ ಕಾರಣ ಇಂದು ಉಳಿದಿಲ್ಲ.

ಫ್ಲ್ಯಾಕ್ ಸ್ವರೂಪದ ಮೊದಲ ಸ್ಥಿರ ಆವೃತ್ತಿ ಬಂದದ್ದು 2001ರಲ್ಲಿ. ಅದು ಯಾವುದೇ ಕಂಪನಿಯ ಹಿಡಿತದಲ್ಲಿಲ್ಲ, ಬಳಕೆಗೆ ಶುಲ್ಕವಿಲ್ಲ. 2024ರ ಡಿಸೆಂಬರ್‌ನಲ್ಲಿ ಅಂತರ್ಜಾಲದ ಮಾನಕ ಸಂಸ್ಥೆಯು ಅದರ ವಿವರಗಳನ್ನು ಅಧಿಕೃತ ದಾಖಲೆಯಾಗಿ ಪ್ರಕಟಿಸಿತು. ಕಡತದೊಳಗೇ ಮೂಲ ಧ್ವನಿಯ ತಾಳೆ ಸಂಖ್ಯೆ ಅಡಗಿರುವುದರಿಂದ, ಹತ್ತು ವರ್ಷಗಳ ನಂತರವೂ ಕಡತ ಕೆಟ್ಟಿದೆಯೇ ಎಂದು ಪರೀಕ್ಷಿಸಬಹುದು. ಎ.ಎಲ್.ಎ.ಸಿ.ಯು ಆಪಲ್ ಕಂಪನಿಯದು. 2011ರಲ್ಲಿ ಅದನ್ನೂ ಮುಕ್ತಗೊಳಿಸಲಾಗಿದೆ. ಮನೆಯಲ್ಲಿ ಐಫೋನ್, ಮ್ಯಾಕ್ ಮಾತ್ರ ಬಳಸುವವರಿಗೆ ಅದು ಅನುಕೂಲ. ಒಂದರಿಂದ ಇನ್ನೊಂದಕ್ಕೆ ನಷ್ಟವಿಲ್ಲದೆ ಬದಲಿಸಿಕೊಳ್ಳಬಹುದಾದ್ದರಿಂದ ಈ ಆಯ್ಕೆಯ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಹಾಗಾದರೆ ಎಂ.ಪಿ.3 ಬೇಡವೇ? ಹಾಗೇನಿಲ್ಲ. ಅದರ ಮೂಲ ಪೇಟೆಂಟುಗಳ ಪರವಾನಗಿ ವ್ಯವಸ್ಥೆ 2017ರಲ್ಲಿ ಕೊನೆಗೊಂಡಿದ್ದು, ಈಗ ಎಲ್ಲರೂ ಮುಕ್ತವಾಗಿ ಬಳಸಬಹುದು. ಹಳೆಯ ಕಾರಿನ ಸ್ಟೀರಿಯೋಗೂ, ದೇವರ ಮನೆಯ ಪುಟ್ಟ ಸ್ಪೀಕರಿಗೂ ಅರ್ಥವಾಗುವ ಸ್ವರೂಪ ಅದೊಂದೇ. ಮೂಲ ಪ್ರತಿಯನ್ನು ಫ್ಲ್ಯಾಕ್‌ನಲ್ಲಿ ಭದ್ರವಾಗಿಟ್ಟು, ದಿನಬಳಕೆಗೆ ಅದರಿಂದ ಎಂ.ಪಿ.3 ಪ್ರತಿ ತೆಗೆದುಕೊಳ್ಳುವುದು ಸರಿಯಾದ ಕ್ರಮ. ನಾಳೆ ಬೇರೊಂದು ಸ್ವರೂಪ ಬಳಕೆಗೆ ಬಂದರೆ, ಮೂಲದಿಂದ ಹೊಸ ಪ್ರತಿ ತೆಗೆದರಾಯಿತು, ಸಿ.ಡಿ.ಯನ್ನು ಮತ್ತೆ ಮುಟ್ಟಬೇಕಾಗಿಲ್ಲ.

ಚಿಟಿಕೆಯ ಪರೀಕ್ಷೆ

ಸಾಧಾರಣ ಕಿವಿಗೆ ವ್ಯತ್ಯಾಸ ತಿಳಿಯುವುದೇ ಎಂದು ಕೇಳುವವರುಂಟು. 256 ಅಥವಾ 320 ಕಿಲೋಬಿಟ್‌ಗಳ ಒಳ್ಳೆಯ ಎಂ.ಪಿ.3 ಮತ್ತು ಮೂಲ ಸಿ.ಡಿ.ಯ ನಡುವೆ ಬಹುಪಾಲು ಜನರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಕಡಿಮೆ ದರಕ್ಕೆ ಇಳಿದಂತೆ ಕೆಲವು ವಾದ್ಯಗಳು ಗುಟ್ಟನ್ನು ರಟ್ಟು ಮಾಡುತ್ತವೆ.

ಎಂ.ಪಿ.3 ಶಬ್ದವನ್ನು ಚಿಕ್ಕ ಚಿಕ್ಕ ಕಂತುಗಳಾಗಿ ಕತ್ತರಿಸಿ ಸಂಕ್ಷೇಪಿಸುತ್ತದೆ. ಕಂತಿನ ನಡುವೆ ಥಟ್ಟನೆ ಪೆಟ್ಟು ಬಿದ್ದರೆ, ಅದರ ದೋಷವು ಇಡೀ ಕಂತಿಗೆ ಹರಡಿ, ಪೆಟ್ಟಿಗೆ ಮುಂಚೆಯೇ ಮಬ್ಬಾದ ಸದ್ದೊಂದು ಕೇಳಿಸುತ್ತದೆ. ಇದನ್ನು ಪರೀಕ್ಷಿಸಲು ತಂತ್ರಜ್ಞರು ಸ್ಪೇನ್ ದೇಶದ 'ಕ್ಯಾಸ್ಟನೆಟ್' ವಾದ್ಯದ ಧ್ವನಿಮುದ್ರಣವನ್ನು ಬಳಸುವುದು ವಾಡಿಕೆ. ಬೆರಳುಗಳ ನಡುವೆ ಹಿಡಿದು ಬಡಿಯುವ ಆ ಮರದ ತುಂಡುಗಳು ನಮ್ಮ ದಾಸರ ಕೈಯ ಚಿಟಿಕೆಯ ದೂರದ ಸಂಬಂಧಿಯೇ ಸರಿ. ಚಿಟಿಕೆ, ಕಂಚಿನ ತಾಳ, ಗೆಜ್ಜೆ ಇವೆಲ್ಲವೂ ಕಡಿಮೆ ದರದ ಸಂಕ್ಷೇಪಣಕ್ಕೆ ಕಠಿಣ ಪರೀಕ್ಷೆ ಒಡ್ಡುತ್ತವೆ. ಭಜನೆಯ ಹಾಡುಗಳನ್ನು 64 ಅಥವಾ 96 ಕಿಲೋಬಿಟ್‌ಗಳಲ್ಲಿ ಕೇಳಿದವರಿಗೆ ತಾಳದ ಸದ್ದು ನೀರಿನಲ್ಲಿ ಅದ್ದಿದಂತೆ ಕೇಳಿದ ಅನುಭವ ಇದ್ದೇ ಇರುತ್ತದೆ.

ಇನ್ನೊಂದು ತೊಂದರೆ ಹಾಡುಗಳ ನಡುವಣ ಬಿರುಕಿನದು. ರಾಗವೊಂದರ ವಿಲಂಬಿತ ಮತ್ತು ದ್ರುತ್ ಭಾಗಗಳನ್ನು, ಅಥವಾ 'ಹರಿಕಥಾಮೃತಸಾರ'ದ ಸಂಧಿಗಳನ್ನು ತಡೆಯಿಲ್ಲದೆ ಹಾಡಿ, ಸಿ.ಡಿ.ಯಲ್ಲಿ ಮಾತ್ರ ಬೇರೆ ಬೇರೆ ಸಂಖ್ಯೆ ಕೊಟ್ಟಿರುವುದುಂಟು. ಎಂ.ಪಿ.3ಕ್ಕೆ ಬದಲಿಸುವಾಗ ಪ್ರತಿ ಕಡತದ ಆದಿ, ಅಂತ್ಯಗಳಲ್ಲಿ ಕ್ಷಣಮಾತ್ರದ ಮೌನ ಸೇರಿಕೊಳ್ಳುತ್ತದೆ. ಹರಿಯುತ್ತಿದ್ದ ತಂಬೂರಿಯ ಶ್ರುತಿ ಸಂಖ್ಯೆ ಬದಲಾಗುವಲ್ಲಿ ತುಂಡಾಗುತ್ತದೆ. ಫ್ಲ್ಯಾಕ್‌ನಲ್ಲಿ ಈ ಮೌನ ಸೇರುವುದಿಲ್ಲ. ಎಂ.ಪಿ.3 ಮಾಡುವಾಗ 'ಲೇಮ್' ಎಂಬ ಉಚಿತ ಸಂಕ್ಷೇಪಕವನ್ನು ಬಳಸಿದರೆ ಅದು ಈ ಮೌನದ ಅಳತೆಯನ್ನು ಕಡತದಲ್ಲಿ ಬರೆದಿಡುತ್ತದೆ. ಒಳ್ಳೆಯ ಪ್ಲೇಯರ್‌ಗಳು ಅದನ್ನು ನೋಡಿ ಮೌನವನ್ನು ಹಾರಿಸಿಬಿಡುತ್ತವೆ.

ಹೆಸರು ಬರೆಯುವುದೇ ದೊಡ್ಡ ಕೆಲಸ

ಧ್ವನಿಯನ್ನು ಇಳಿಸುವುದು ಯಂತ್ರದ ಕೆಲಸ. ಅದು ಯಾರ ಧ್ವನಿ, ಯಾರ ಪದ ಎಂದು ಬರೆಯುವುದು ಮನುಷ್ಯರ ಕೆಲಸ. ಸಿ.ಡಿ. ಹಾಕಿದೊಡನೆ ಹಾಡುಗಳ ಹೆಸರನ್ನು ಅಂತರ್ಜಾಲದಿಂದ ತರುವ ಸೌಲಭ್ಯ ಬಹುತೇಕ ತಂತ್ರಾಂಶಗಳಲ್ಲಿದೆ. ಬಹುಕಾಲ ಬಳಕೆಯಲ್ಲಿದ್ದ 'ಫ್ರೀಡಿಬಿ' 2020ರಲ್ಲಿ ಮುಚ್ಚಿತು. ಈಗ 'ಮ್ಯೂಸಿಕ್‌ಬ್ರೇನ್ಜ್' ಮೊದಲಾದವು ಇವೆ. ಆದರೆ ಕನ್ನಡ ಭಕ್ತಿಗೀತೆಗಳ ವಿವರ ಅಲ್ಲಿ ಸಿಗದಿರುವುದೇ ಹೆಚ್ಚು. ಸಿಕ್ಕರೂ ಒಂದೇ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಬಗೆಯಲ್ಲಿ ಕಾಣುತ್ತದೆ.

ತಾವೇ ಬರೆಯುವಾಗ ಯುನಿಕೋಡ್ ಕನ್ನಡದಲ್ಲಿಯೇ ಬರೆಯಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದ ಹೆಸರು ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಎಂ.ಪಿ.3 ಕಡತದ ಹಳೆಯ ವಿವರಪಟ್ಟಿಯಾದ 'ಐ.ಡಿ.3 ಆವೃತ್ತಿ 1'ರಲ್ಲಿ ಶೀರ್ಷಿಕೆಗೆ ಇರುವ ಜಾಗ 30 ಬೈಟ್ ಮಾತ್ರ. ಯುನಿಕೋಡ್‌ನ ಯು.ಟಿ.ಎಫ್.-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟ್ ಬೇಕು. 'ಗೋಪಾಲವಿಠಲ' ಎಂಬುದು 27 ಬೈಟ್‌ಗಳಲ್ಲಿ ಹೇಗೋ ಹಿಡಿಸೀತು. 'ಜಗನ್ನಾಥವಿಠಲ' ಎಂಬುದಕ್ಕೆ 33 ಬೈಟ್ ಬೇಕು. ಆ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಸಾಲದು. ಆವೃತ್ತಿ 2ರಲ್ಲಿ ಈ ಅಡಚಣೆ ಇಲ್ಲ. ಫ್ಲ್ಯಾಕ್‌ನ ವಿವರಪಟ್ಟಿ ಇನ್ನೂ ಉದಾರವಾದುದು. ಅಲ್ಲಿ ನಮಗೆ ಬೇಕಾದ ಹೆಸರಿನ ಹೊಸ ಅಂಕಣಗಳನ್ನೇ ಸೇರಿಸಬಹುದು.

ಪಾಶ್ಚಾತ್ಯರ ಪಟ್ಟಿಯಲ್ಲಿ ಗಾಯಕ, ಆಲ್ಬಂ, ವರ್ಷ ಎಂಬ ಅಂಕಣಗಳಷ್ಟೇ ಮುಖ್ಯ. ದೇವರನಾಮಕ್ಕೆ ಅದು ಸಾಲದು. ರಚನೆಕಾರರು, ಅಂಕಿತ, ರಾಗ, ತಾಳ, ಪಕ್ಕವಾದ್ಯದವರು ಇವಿಷ್ಟೂ ಬೇಕು. ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ, ಇನ್ನೊಬ್ಬರು ಮತ್ತೊಂದರಲ್ಲಿ ಹಾಡಿರುತ್ತಾರೆ. ಸಿ.ಡಿ.ಯ ಹೊದಿಕೆಯಲ್ಲಿ 'ದಾಸರ ಪದಗಳು' ಎಂದಷ್ಟೇ ಅಚ್ಚಾಗಿದ್ದು, ಪದದ ಕೊನೆಯ ನುಡಿಯಲ್ಲಿ ಬರುವ ಅಂಕಿತವನ್ನು ಕೇಳಿಯೇ ಅದು ವಿಜಯದಾಸರದೋ ಗೋಪಾಲದಾಸರದೋ ಎಂದು ನಿರ್ಧರಿಸಬೇಕಾಗುತ್ತದೆ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಅಂಕಿತಗಳನ್ನು ಒಂದು ಅಂಕಣದಲ್ಲಿ ಬರೆದಿಟ್ಟರೆ, ಒಬ್ಬ ದಾಸರ ಎಲ್ಲ ಪದಗಳೂ ಒಂದೇ ಹುಡುಕಾಟಕ್ಕೆ ದೊರೆಯುತ್ತವೆ. ಇದಕ್ಕೆ 'ಎಂ.ಪಿ.3 ಟ್ಯಾಗ್', 'ಪಿಕಾರ್ಡ್' ಮೊದಲಾದ ತಂತ್ರಾಂಶಗಳು ಒದಗುತ್ತವೆ.

ಮನೆಯ ಧ್ವನಿಮುದ್ರಣಗಳ ವಿಷಯದಲ್ಲಂತೂ ಉತ್ತರ ಬಲ್ಲವರು ಮನೆಯ ಹಿರಿಯರು ಮಾತ್ರ. ಹಿಮ್ಮೇಳದಲ್ಲಿ ದನಿಗೂಡಿಸಿದವರು ಯಾರು, ಯಾವ ವರ್ಷದ ಆರಾಧನೆ, ಹಾಡು ಕಲಿಸಿದವರು ಯಾರು ಎಂಬುದನ್ನು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆಯಬೇಕು. ಹೊದಿಕೆಯ ಚಿತ್ರ, ಕೈಬರಹದ ಪಟ್ಟಿ ಇವನ್ನೂ ಸ್ಕ್ಯಾನ್ ಮಾಡಿ ಅದೇ ಫೋಲ್ಡರಿನಲ್ಲಿ ಇಡುವುದು ಒಳ್ಳೆಯದು.

ಕಾನೂನು ಏನನ್ನುತ್ತದೆ?

ದಾಸರ ಪದಗಳಿಗೂ ವಚನಗಳಿಗೂ ಕೃತಿಸ್ವಾಮ್ಯವಿಲ್ಲ. ಆದರೆ ಅವುಗಳ ಧ್ವನಿಮುದ್ರಣಕ್ಕೆ ಪ್ರತ್ಯೇಕ ಹಕ್ಕು ಉಂಟು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣ ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳ ಕಾಲ ಈ ಹಕ್ಕು ಇರುತ್ತದೆ. ಅದೇ ಕಾಯಿದೆಯ 52ನೇ ಕಲಮು ಖಾಸಗಿ ಅಥವಾ ವೈಯಕ್ತಿಕ ಬಳಕೆಗಾಗಿ ಮಾಡುವ ನ್ಯಾಯೋಚಿತ ಉಪಯೋಗವನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. 2012ರ ತಿದ್ದುಪಡಿಯು ಇದನ್ನು ಧ್ವನಿಮುದ್ರಣಗಳಿಗೂ ವಿಸ್ತರಿಸಿತು. ತಾವು ಕೊಂಡ ಸಿ.ಡಿ.ಯ ಪ್ರತಿಯನ್ನು ಸ್ವಂತಕ್ಕಾಗಿ ಇಟ್ಟುಕೊಳ್ಳುವುದು ಬೇರೆ. ಅದನ್ನು ಪೆನ್‌ಡ್ರೈವ್‌ಗಳಿಗೆ ತುಂಬಿ ಮಾರುವುದು, ಅಂತರ್ಜಾಲಕ್ಕೆ ಏರಿಸುವುದು ಬೇರೆ. ಎರಡನೆಯದಕ್ಕೆ ಅನುಮತಿ ಬೇಕು. ಊರಿನ ಮಂಡಳಿಯ ಹಾಡುಗಳಾದರೂ ಹಾಡಿದವರನ್ನು ಒಂದು ಮಾತು ಕೇಳಿದ ಮೇಲೆಯೇ ಹಂಚುವುದು ಮರ್ಯಾದೆ.

ಒಂದು ಪ್ರತಿ ಪ್ರತಿಯೇ ಅಲ್ಲ

ಎಲ್ಲವನ್ನೂ ಒಂದೇ ಹಾರ್ಡ್ ಡಿಸ್ಕಿಗೆ ಇಳಿಸಿ ನಿಶ್ಚಿಂತರಾಗುವುದು ಸಾಮಾನ್ಯವಾಗಿ ಆಗುವ ತಪ್ಪು. ಇನ್ನೂರು ಸಿ.ಡಿ.ಗಳು ಒಂದೊಂದಾಗಿ ಕೆಡಲು ವರ್ಷಗಳು ಬೇಕು. ಡಿಸ್ಕ್ ಒಮ್ಮೆ ಕೈಜಾರಿ ಬಿದ್ದರೆ ಇನ್ನೂರೂ ಒಂದೇ ಗಳಿಗೆಯಲ್ಲಿ ಹೋಗುತ್ತವೆ. ಆದ್ದರಿಂದ ಮೂರು ಪ್ರತಿಗಳಿರಲಿ, ಅವು ಕನಿಷ್ಠ ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ ಎಂಬುದು ಬಲ್ಲವರ ನಿಯಮ. ರಾಯಚೂರಿನ ಮನೆಯಲ್ಲಿ ಒಂದು ಡಿಸ್ಕ್, ಮಾನ್ವಿಯ ಅಕ್ಕನ ಮನೆಯಲ್ಲಿ ಇನ್ನೊಂದು, ಮೂರನೆಯದು ಅಂತರ್ಜಾಲದ ಖಾಸಗಿ ಸಂಗ್ರಹದಲ್ಲಿ ಎಂದಾದರೆ ಸಾಕು. ವರ್ಷಕ್ಕೊಮ್ಮೆ ಡಿಸ್ಕನ್ನು ಜೋಡಿಸಿ ಫ್ಲ್ಯಾಕ್ ಕಡತಗಳನ್ನು ಪರೀಕ್ಷಿಸಬೇಕು. ಮೂಲ ಸಿ.ಡಿ.ಗಳನ್ನೂ ಎಸೆಯದೆ, ಬಿಸಿಲು ಬೀಳದ ಒಣ ಜಾಗದಲ್ಲಿ ನಿಲ್ಲಿಸಿ ಇಡಬೇಕು.

ತಟ್ಟೆಯೊಂದಕ್ಕೆ ಕಾಲು ಗಂಟೆ ಹಿಡಿದರೂ 200 ತಟ್ಟೆಗಳಿಗೆ 50 ಗಂಟೆಗಳಾಗುತ್ತವೆ. ದಿನಕ್ಕೆ ಎರಡು ತಟ್ಟೆಗಳಂತೆ ಮಾಡಿದರೆ ನೂರು ದಿನಗಳ ಕೆಲಸ. ಒಂದೇ ಬಾರಿಗೆ ಮುಗಿಸುವ ಆತುರ ಬೇಡ, ಆದರೆ ಕ್ರಮ ತಪ್ಪಬಾರದು. ಮೊದಲು ಕೈಬರಹದ ಹೆಸರುಳ್ಳ ಸಿ.ಡಿ.-ಆರ್.ಗಳು, ನಂತರ ಈಗ ಮಾರುಕಟ್ಟೆಯಲ್ಲಿ ಸಿಗದ ಸ್ಥಳೀಯ ಸಿ.ಡಿ.ಗಳು, ಕೊನೆಗೆ ಎಲ್ಲೆಡೆ ಸಿಗುವ ಪ್ರಸಿದ್ಧ ಗಾಯಕರವು. ಬಹುತೇಕರು ಇದಕ್ಕೆ ತದ್ವಿರುದ್ಧವಾಗಿ, ತಮಗೆ ಇಷ್ಟವಾದ ಹೆಸರಾಂತ ಗಾಯಕರಿಂದ ಆರಂಭಿಸುತ್ತಾರೆ. ಹೆಸರಾಂತರ ಹಾಡು ನಾಳೆಯೂ ಸಿಗುತ್ತದೆ. ಅಜ್ಜಿಯ ಹಾಡಿರುವ ತಟ್ಟೆ ಮುಂದಿನ ಬೇಸಿಗೆಗೆ ಓದಲು ಬರುವುದೆಂಬ ಖಾತರಿ ಇಲ್ಲ. ಈ ಭಾನುವಾರ ಅದನ್ನೇ ಮೊದಲು ಹಾಕುವುದು ಉಚಿತ.